ಮಹಾಂತ ಜೋಳಿಗೆ ಮತ್ತು ತಂಬಾಕಿನ ತ್ಯಾಗ

ಜೋಳಿಗೆ ಜಂಗಮನ ಲಾಂಛನ. ಭಕ್ತರ ಮನೆಬಾಗಿಲಿಗೆ ಹೋಗಿ ಕಾಳುಕಡಿಗಳನ್ನು ಬೇಡಿ ತಂದು, ಹಾಗೆ ತಂದುದನ್ನು ದಾಸೋಹಕ್ಕೆ ಸಲ್ಲಿಸಿ, ಹಸಿದವರಿಗೆ ಅನ್ನವನ್ನೂ ಬಡವರ ಮಕ್ಕಳಿಗೆ ವಿದ್ಯೆಯನ್ನೂ ನೀಡುತ್ತ ಬಂದುದು ಉತ್ತರ ಕರ್ನಾಟಕದ ಮಠಗಳ ಸಂಪ್ರದಾಯ. ಮಠದ ಪ್ರಸಾದನಿಲಯದಲ್ಲಿ ಉಂಡು ಓದಿದ ಪ್ರತಿಯೊಬ್ಬನ ದೇಹದಲ್ಲಿಯೂ ಆ ಜೋಳಿಗೆಯ ಜೋಳದ ಅಂಶವಿದೆ. ಇಂಥ ಜೋಳಿಗೆಯು 1975ರಲ್ಲಿ ಇಳಕಲ್ಲಿನಲ್ಲಿ ಹೊಸದೊಂದು ಭಿಕ್ಷೆಯನ್ನು ಬೇಡಲು ಹೊರಟಿತು. ಚಿತ್ತರಗಿ ಇಳಕಲ್ಲ ವಿಜಯಮಹಾಂತೇಶ ಸಂಸ್ಥಾನಮಠದ ಪೂಜ್ಯ ಶ್ರೀ ಮಹಾಂತ ಶಿವಯೋಗಿಗಳು ಜನರ ಮುಂದೆ ಜೋಳಿಗೆಯೊಡ್ಡಿ ಕಾಳನ್ನು ಬೇಡಲಿಲ್ಲ, ಕಾಣಿಕೆಯನ್ನು ಬೇಡಲಿಲ್ಲ. ಅವರವರ ದುಶ್ಚಟಗಳನ್ನು ಬೇಡಿದರು. ಅದೇ ಇಂದು ನಾಡಿಗೆಲ್ಲ ಪರಿಚಿತವಾಗಿರುವ ‘ಮಹಾಂತ ಜೋಳಿಗೆ’.

ಆ ಜೋಳಿಗೆಗೆ ಬಿದ್ದ ಚಟಗಳು ಹಲವು. ಕುಡಿತದ ಕೇಡನ್ನು ಎಲ್ಲರೂ ಬಲ್ಲರು. ಅದರ ವಿಷಯದಲ್ಲಿ ಬರೆದವರೂ ಬಹಳ. ಆದರೆ ತಂಬಾಕು ಅಷ್ಟೊಂದು ಸದ್ದು ಮಾಡದ ವೈರಿ. ಅದು ಮನೆಯಲ್ಲಿ ಜಗಳವೆಬ್ಬಿಸುವುದಿಲ್ಲ, ದಾರಿಯಲ್ಲಿ ಬೀಳಿಸುವುದಿಲ್ಲ. ಗೆಳೆಯನಂತೆ ಜೊತೆಯಲ್ಲಿದ್ದು ಕೊನೆಗೆ ಪ್ರಾಣವನ್ನೇ ಕೇಳುತ್ತದೆ. ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯಲ್ಲಿ ಈ ವಸ್ತು ಹೇಗೆ ಬೇರೂರಿತು, ಅದನ್ನು ಕೀಳಲು ಸರ್ಕಾರವೂ ಸಮಾಜವೂ ಏನೇನು ಮಾಡಿದವು, ಆ ಪ್ರಯತ್ನಗಳಿಂದ ನಾವು ಕಲಿಯಬೇಕಾದುದೇನು ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ಅವಲೋಕಿಸಲಾಗಿದೆ.

ತಂಬಾಕು ಬಂದ ಬಗೆ

ತಂಬಾಕು ನಮ್ಮ ನೆಲದ ಸಸ್ಯವಲ್ಲ. ಅದರ ತವರು ಅಮೆರಿಕ ಖಂಡ. ಹನ್ನೆರಡನೆಯ ಶತಮಾನದ ಶರಣರು ಈ ಎಲೆಯನ್ನು ಕಂಡವರೇ ಅಲ್ಲ. ಆದುದರಿಂದ ಅವರ ವಚನಗಳಲ್ಲಿ ಅದರ ಹೆಸರನ್ನು ಹುಡುಕುವುದು ವ್ಯರ್ಥ. ಕೊಲಂಬಸನ ಯಾತ್ರೆಯ ತರುವಾಯ ಯುರೋಪಿಗೆ ಹೋದ ಈ ಸೊಪ್ಪು, ಪೋರ್ತುಗೀಜರ ಹಡಗುಗಳನ್ನೇರಿ ಪಶ್ಚಿಮ ಕರಾವಳಿಗೆ ಬಂದು, ಅಲ್ಲಿಂದ ಘಟ್ಟವನ್ನು ಹತ್ತಿ ನಮ್ಮ ಬಯಲುಸೀಮೆಯನ್ನು ಸೇರಿತು.

ಈ ವಿಷಯದಲ್ಲಿ ಒಂದು ಐತಿಹಾಸಿಕ ಸಂಗತಿಯನ್ನು ಸ್ಮರಿಸಬೇಕು. 1604ರ ಸುಮಾರಿಗೆ ಅಕ್ಬರ ಬಾದಶಹನ ದೂತನಾಗಿ ವಿಜಾಪುರಕ್ಕೆ ಬಂದಿದ್ದ ಅಸದ್ ಬೇಗನು ಅಲ್ಲಿ ತಂಬಾಕನ್ನು ಕಂಡನು. ಉತ್ತರ ಹಿಂದುಸ್ತಾನದಲ್ಲಿ ಅಂಥದನ್ನು ತಾನು ನೋಡಿರಲಿಲ್ಲವಾಗಿ, ಅದನ್ನೂ ಸೇದುವ ಅಂದವಾದ ನಳಿಗೆಯನ್ನೂ ಕೊಂಡೊಯ್ದು ಬಾದಶಹನಿಗೆ ಒಪ್ಪಿಸಿದನು. ಅಕ್ಬರನು ಕುತೂಹಲದಿಂದ ಒಂದೆರಡು ದಮ್ಮು ಎಳೆದಾಗ, ಆಸ್ಥಾನದ ವೈದ್ಯನು ತಡೆದು, ಪೂರ್ವದ ಗ್ರಂಥಗಳಲ್ಲಿ ಹೇಳಿಲ್ಲದ ಪರೀಕ್ಷೆಯಾಗದ ವಸ್ತುವನ್ನು ಸೇವಿಸಲಾಗದೆಂದು ಬಿನ್ನವಿಸಿದನಂತೆ. ಬಾದಶಹನು ಅಭ್ಯಾಸ ಮಾಡಲಿಲ್ಲ; ಆದರೆ ಸರದಾರರು ಬಿಡಲಿಲ್ಲ. ಅವರ ನೋಡಿ ವ್ಯಾಪಾರಿಗಳು ತಂದರು, ಜನರು ಕೊಂಡರು. 1617ರಲ್ಲಿ ಜಹಾಂಗೀರನು ತಂಬಾಕನ್ನು ನಿಷೇಧಿಸಿ ಆಜ್ಞೆ ಹೊರಡಿಸಿದರೂ ಅದರ ಹರವು ನಿಲ್ಲಲಿಲ್ಲ.

ಇದರಲ್ಲಿ ನಮಗೆ ಮುಖ್ಯವಾದ ಸಂಗತಿಗಳು ಎರಡು. ಅಸದ್ ಬೇಗನು ತಂಬಾಕನ್ನು ಕಂಡದ್ದು ಕನ್ನಡ ನೆಲದಲ್ಲಿ. ಅಂದಮೇಲೆ ದಿಲ್ಲಿ ಆಗ್ರಾಗಳಿಗಿಂತ ಮೊದಲೇ ಈ ಚಟ ನಮ್ಮಲ್ಲಿಗೆ ಬಂದಿತ್ತು. ಇನ್ನೊಂದು, ರಾಜಾಜ್ಞೆಯೊಂದರಿಂದಲೇ ತಂಬಾಕು ತೊಲಗದೆಂಬ ಪಾಠವು ನಾಲ್ಕು ಶತಮಾನಗಳಷ್ಟು ಹಳೆಯದು.

ಚಂಚಿಯ ಸಂಸ್ಕೃತಿ

ರೋಣ, ನರಗುಂದಗಳ ಎರೆಹೊಲಗಳಲ್ಲಿ ದುಡಿಯುವ ರೈತನಿಗೂ ಗಜೇಂದ್ರಗಡದ ಮಗ್ಗದ ಕುಣಿಯಲ್ಲಿ ಕುಳಿತು ಪಟ್ಟೇದಂಚಿನ ಸೀರೆ ನೇಯುವ ನೇಕಾರನಿಗೂ ತಂಬಾಕು ದುಡಿಮೆಯ ಸಂಗಾತಿಯಾಗಿ ಬಂದಿತು. ಕೆಲಸದ ನಡುವೆ ಬಿಡುವೆಂದರೆ ಒಂದು ಬೀಡಿ, ಹಸಿವನ್ನು ಮರೆಸಲು ಒಂದು ಚಿಟಿಕೆ ತಂಬಾಕು, ರಾತ್ರಿ ಹೊಲ ಕಾಯುವವನಿಗೆ ನಿದ್ದೆ ಬಾರದಂತೆ ಚಿಲುಮೆ, ಮುದುಕರಿಗೆ ನಶ್ಯ. ಸೊಂಟದಲ್ಲಿ ಸಿಕ್ಕಿಸಿಕೊಂಡ ಚಂಚಿಯಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿಗಳೊಡನೆ ತಂಬಾಕಿಗೂ ಒಂದು ಅರೆ ಮೀಸಲಾಯಿತು. ಹೊಗೆ ಸೇದುವುದನ್ನು ತಪ್ಪೆಂದು ಭಾವಿಸುತ್ತಿದ್ದ ಮನೆಗಳಲ್ಲಿಯೂ ತಾಯಂದಿರು ಎಲೆಯೊಡನೆ ತಂಬಾಕು ಹಾಕಿಕೊಳ್ಳುವುದನ್ನು ಯಾರೂ ತಪ್ಪೆನ್ನಲಿಲ್ಲ.

ಇದಕ್ಕಿಂತ ಹೆಚ್ಚಿನದು ಅದಕ್ಕೆ ದೊರೆತ ಮರ್ಯಾದೆ. ಬಂದ ಬೀಗರಿಗೆ ನೀರು ಕೊಟ್ಟು, ಎಲೆಯಡಿಕೆಯ ತಟ್ಟೆಯನ್ನು ಮುಂದಿಡುವುದು ನಮ್ಮ ಆತಿಥ್ಯದ ರೀತಿ. ಆ ತಟ್ಟೆಗೆ ತಂಬಾಕೂ ಬಂದು ಕುಳಿತ ಮೇಲೆ, ಬೇಡವೆನ್ನುವವನೇ ಮರ್ಯಾದೆ ತಪ್ಪಿದವನಂತಾದನು. ಕಟ್ಟೆಯ ಮೇಲೆ ಚಂಚಿ ಬಿಚ್ಚಿ ಪಕ್ಕದವನಿಗೆ ಚಾಚುವುದು ಸ್ನೇಹದ ಗುರುತಾಯಿತು. ಬೀಡಿಗೆ ಕಿಡಿ ಕೇಳುವ ನೆಪದಲ್ಲಿ ಅಪರಿಚಿತರು ಪರಿಚಿತರಾದರು. ಹೀಗೆ ಒಂದು ವಿಷವಸ್ತು ಸೌಜನ್ಯದ ವೇಷ ಧರಿಸಿ ಸಮಾಜದೊಳಗೆ ಬಂದುದರಿಂದಲೇ, ಅದನ್ನು ಬಿಡಹೊರಟವನು ತನ್ನ ಬಾಯಿಚಪಲದೊಡನೆ ಮಾತ್ರವಲ್ಲ, ತನ್ನ ಗೆಳೆಯರ ಪ್ರೀತಿಯೊಡನೆಯೂ ಹೋರಾಡಬೇಕಾಯಿತು.

ಶಾಸ್ತ್ರವು ಕಂಡ ಸತ್ಯ

ತಂಬಾಕಿನಲ್ಲಿರುವ ನಿಕೋಟಿನ್ ಎಂಬ ದ್ರವ್ಯವನ್ನು ಜರ್ಮನಿಯ ಇಬ್ಬರು ವಿಜ್ಞಾನಿಗಳು 1828ರಲ್ಲಿ ಬೇರ್ಪಡಿಸಿದರು. ಬೀಡಿಯ ಹೊಗೆಯನ್ನು ಒಳಗೆಳೆದುಕೊಂಡ ಕೆಲವೇ ಕ್ಷಣಗಳಲ್ಲಿ ಅದು ಮಿದುಳನ್ನು ಮುಟ್ಟುತ್ತದೆ. ಅಗಿಯುವವರು ತಂಬಾಕಿಗೆ ಸುಣ್ಣ ತಿಕ್ಕುವುದೂ ವೃಥಾ ರೂಢಿಯಲ್ಲ. ಸುಣ್ಣದ ಕ್ಷಾರವು ನಿಕೋಟಿನ್ ಬಾಯಿಯ ಒಳಚರ್ಮದ ಮೂಲಕ ರಕ್ತಕ್ಕೆ ಬೇಗ ಸೇರುವಂತೆ ಮಾಡುತ್ತದೆ. ಹೀಗೆ ದೇಹವೇ ಅದಕ್ಕೆ ಅಡಿಯಾಳಾದ ಮೇಲೆ, ಬಿಡಲಾರದವನನ್ನು ಮನಸ್ಸು ಗಟ್ಟಿಯಿಲ್ಲದವನೆಂದು ಹಳಿಯುವುದು ನ್ಯಾಯವಲ್ಲ.

ತಂಬಾಕು ಅಗಿಯುವುದಕ್ಕೂ ಸೇದುವುದಕ್ಕೂ ಬಾಯಿ ಗಂಟಲುಗಳ ಕ್ಯಾನ್ಸರಿಗೂ ಇರುವ ಸಂಬಂಧವನ್ನು ತೋರಿದ ಆರಂಭದ ಸಂಶೋಧನೆಗಳಲ್ಲಿ ಮುಂಬಯಿಯಲ್ಲಿ ಡಾ. ವಿ. ಆರ್. ಖಾನೋಲ್ಕರ್ ಮತ್ತು ಅವರ ಸಹೋದ್ಯೋಗಿಗಳು ನಡೆಸಿದವು ಪ್ರಮುಖವಾದವು. ಅವರ ಒಂದು ಮುಖ್ಯ ಲೇಖನ 1955ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಆಗ ರೋಣ, ನರಗುಂದಗಳನ್ನೊಳಗೊಂಡ ಧಾರವಾಡ ಜಿಲ್ಲೆಯೂ ಮುಂಬಯಿ ರಾಜ್ಯದಲ್ಲಿಯೇ ಇದ್ದಿತು. ಆದರೆ ಮುಂಬಯಿಯಲ್ಲಿ ತಿಳಿದ ಸತ್ಯವು ನಮ್ಮ ಹಳ್ಳಿಯ ಕಟ್ಟೆಗೆ ಬರಲು ಬಹುಕಾಲ ಹಿಡಿಯಿತು. ಕೆನ್ನೆಯ ಒಳಗೆ ತಂಬಾಕಿಡುವ ಜಾಗದಲ್ಲಿಯೇ ಮಾಗದ ಹುಣ್ಣಾದರೂ ಅದನ್ನು ಉಷ್ಣವೆಂದು ಬಗೆದು, ರೋಗ ಕೈಮೀರಿದ ಮೇಲೆ ಹುಬ್ಬಳ್ಳಿಯ ದಾರಿ ಹಿಡಿದವರು ಎಷ್ಟೋ ಮಂದಿ.

1975: ಕಾಯಿದೆ ಮತ್ತು ಜೋಳಿಗೆ

ಸರ್ಕಾರವು ಸುಮ್ಮನಿರಲಿಲ್ಲ. 1963ರಲ್ಲಿಯೇ ನಮ್ಮ ರಾಜ್ಯದಲ್ಲಿ ಚಿತ್ರಮಂದಿರ ಮತ್ತು ಸಾರ್ವಜನಿಕ ಸಭಾಂಗಣಗಳಲ್ಲಿ ಧೂಮಪಾನವನ್ನು ನಿಷೇಧಿಸುವ ಕಾಯಿದೆಯಾಯಿತು. 1975ರಲ್ಲಿ ಭಾರತದ ಸಂಸತ್ತು ಸಿಗರೇಟು ಕಾಯಿದೆಯನ್ನು ಅಂಗೀಕರಿಸಿ, ಸಿಗರೇಟು ಸೇವನೆ ಆರೋಗ್ಯಕ್ಕೆ ಹಾನಿಕರವೆಂಬ ಎಚ್ಚರಿಕೆಯನ್ನು ಪೊಟ್ಟಣದ ಮೇಲೆ ಮುದ್ರಿಸುವುದನ್ನು ಕಡ್ಡಾಯಗೊಳಿಸಿತು. ಒಳ್ಳೆಯ ಹೆಜ್ಜೆಯೇ ಸರಿ. ಆದರೆ ಆ ಕಾಯಿದೆ ಅನ್ವಯಿಸಿದುದು ಸಿಗರೇಟಿಗೆ ಮಾತ್ರ. ಬಡವನ ಬೀಡಿಗೂ ರೈತನ ಚಂಚಿಯ ತಂಬಾಕಿಗೂ ಅದರ ಸೋಂಕಿರಲಿಲ್ಲ; ಓದುಬಾರದವನಿಗೆ ಮುದ್ರಿತ ಎಚ್ಚರಿಕೆಯಿಂದ ಪ್ರಯೋಜನವೂ ಇರಲಿಲ್ಲ.

ಅದೇ 1975ರಲ್ಲಿ ಗಜೇಂದ್ರಗಡದ ಈಶಾನ್ಯಕ್ಕಿರುವ ಇಳಕಲ್ಲಿನಲ್ಲಿ ಮಹಾಂತ ಜೋಳಿಗೆ ಆರಂಭವಾದುದು ಗಮನಾರ್ಹ. ಕಾಯಿದೆಯ ಕೈಗೆ ಎಟುಕದವರ ಬಳಿಗೆ ಜೋಳಿಗೆಯೇ ನಡೆದು ಹೋಯಿತು. ಜಮಖಂಡಿ ಸೀಮೆಯ ಹಿಪ್ಪರಗಿಯಲ್ಲಿ 1930ರ ಆಗಸ್ಟ್ 1ರಂದು ಜನಿಸಿದ ಪೂಜ್ಯರು, ದುಶ್ಚಟಗಳಿಂದ ಬಡ ಕುಟುಂಬಗಳು ಹಾಳಾಗುವುದನ್ನು ಕಂಡು ನೊಂದು ಈ ಕಾರ್ಯಕ್ಕೆ ತೊಡಗಿದರು. ಜಾತಿಭೇದವೆಣಿಸದೆ ಓಣಿ ಓಣಿಗಳಿಗೆ, ಶಾಲೆಗಳಿಗೆ, ಸಭೆ ಉತ್ಸವಗಳಿಗೆ ಹೋಗಿ ಜೋಳಿಗೆಯೊಡ್ಡಿದರು. ಜನರು ಬೀಡಿಯ ಕಟ್ಟು, ಸಿಗರೇಟಿನ ಪೊಟ್ಟಣ, ತಂಬಾಕಿನ ಚೀಟುಗಳನ್ನು ಅದರೊಳಗೆ ಹಾಕಿ, ಇನ್ನು ಮುಟ್ಟೆವೆಂದು ಪ್ರಮಾಣ ಮಾಡಿದರು. ನಾಲ್ಕು ದಶಕಗಳಿಗೂ ಮಿಕ್ಕಿ ಈ ಕಾಯಕ ನಡೆಯಿತು. 2018ರ ಮೇ ತಿಂಗಳಲ್ಲಿ ಪೂಜ್ಯರು ಲಿಂಗೈಕ್ಯರಾದರು. ಅವರ ಉತ್ತರಾಧಿಕಾರಿಗಳಾದ ಪೂಜ್ಯ ಶ್ರೀ ಗುರುಮಹಾಂತ ಸ್ವಾಮಿಗಳು ಆ ಪರಂಪರೆಗೆ ವಾರಸುದಾರರಾದರು. ಕರ್ನಾಟಕ ಸರ್ಕಾರವು ಶಿವಯೋಗಿಗಳ ಜನ್ಮದಿನವಾದ ಆಗಸ್ಟ್ 1ನ್ನು ‘ವ್ಯಸನಮುಕ್ತ ದಿನ’ವನ್ನಾಗಿ ರಾಜ್ಯಾದ್ಯಂತ ಆಚರಿಸುತ್ತಿದೆ. ಒಂದು ಮಠದ ಜೋಳಿಗೆ ಇಡೀ ರಾಜ್ಯದ ಕಾರ್ಯಕ್ರಮಕ್ಕೆ ಮೂಲವಾದ ಉದಾಹರಣೆ ಇದು.

ಈ ಜೋಳಿಗೆಯ ಶಕ್ತಿ ಯಾವುದರಲ್ಲಿತ್ತು? ಬೋಧನೆಯಲ್ಲಿ ಮಾತ್ರ ಇದ್ದಿದ್ದರೆ ಇತರ ಬೋಧಕರೂ ಸಫಲರಾಗುತ್ತಿದ್ದರು. ಬೋಧಿಸುವವನು ಎತ್ತರದಲ್ಲಿ ನಿಲ್ಲುತ್ತಾನೆ; ಬೇಡುವವನು ಕೆಳಗೆ ನಿಲ್ಲುತ್ತಾನೆ. ಪೀಠಾಧಿಪತಿಗಳೇ ಬೇಡುವವರಾಗಿ ಬಂದು ನಿಂತಾಗ ಚಟಗಾರನು ಅಪರಾಧಿಯಾಗದೆ ದಾನಿಯಾದನು. ಛೀಮಾರಿ ಹಾಕಿಸಿಕೊಂಡು ತಲೆತಗ್ಗಿಸುವ ಬದಲು, ಕೊಟ್ಟು ತಲೆಯೆತ್ತುವ ಅವಕಾಶ ಅವನಿಗೆ ದೊರೆಯಿತು. ಕೊಟ್ಟ ದಾನವನ್ನು ಹಿಂದಕ್ಕೆ ಪಡೆಯುವುದು ನಮ್ಮ ಜನರಿಗೆ ಸಲ್ಲದ ಮಾತು. ಅಲ್ಲದೆ, ಕೊಟ್ಟದ್ದು ಊರಿನ ಎದುರಿನಲ್ಲಿ. ಆದ್ದರಿಂದ ಊರೇ ಆ ಮಾತಿಗೆ ಸಾಕ್ಷಿಯಾಯಿತು. ಆತಿಥ್ಯದ ಮರ್ಯಾದೆಯ ಬಲದಿಂದ ಒಳಬಂದ ತಂಬಾಕನ್ನು ದಾನದ ಮರ್ಯಾದೆಯ ಬಲದಿಂದಲೇ ಹೊರಹಾಕಿದ ಜಾಣ್ಮೆ ಇದರಲ್ಲಿದೆ.

ನಂತರದ ರಾಜ್ಯವ್ಯಾಪಿ ಕಾರ್ಯಗಳು

ಜೋಳಿಗೆಯ ಕಾರ್ಯ ನಡೆಯುತ್ತಿರುವಾಗಲೇ ವೈರಿಯೂ ವೇಷ ಬದಲಿಸಿತು. 1980ರ ದಶಕದ ನಂತರ ಗುಟ್ಕಾದ ಚಿಕ್ಕ ಚೀಟುಗಳು ಕಿರಾಣಿ ಅಂಗಡಿಗಳ ಬಾಗಿಲಲ್ಲಿ ತೋರಣದಂತೆ ತೂಗಿದವು. ಚಂಚಿ ಹಿರಿಯರ ಸೊಂಟದಲ್ಲಿದ್ದರೆ, ಗುಟ್ಕಾ ಶಾಲೆಯ ಹುಡುಗರ ಕಿಸೆಯನ್ನು ಹೊಕ್ಕಿತು. 2003ರಲ್ಲಿ ಸಂಸತ್ತು ಬೀಡಿ, ಅಗಿಯುವ ತಂಬಾಕು ಎಲ್ಲವನ್ನೂ ಒಳಗೊಂಡ ಹೊಸ ಕಾಯಿದೆ ಮಾಡಿ 1975ರ ಕೊರತೆಯನ್ನು ತುಂಬಿತು. ಅದರ ಮೇರೆಗೆ ವಿದ್ಯಾಸಂಸ್ಥೆಗಳ ಸುತ್ತ 100 ಗಜದೊಳಗೆ ತಂಬಾಕು ಮಾರಾಟವೂ, 18 ವರ್ಷ ತುಂಬದವರಿಗೆ ಮಾರಾಟವೂ ನಿಷಿದ್ಧವಾದವು. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧದ ನಿಯಮಗಳು ಬಿಗಿಯಾದವು. 2013ರ ಮೇ ತಿಂಗಳ ಕೊನೆಯಲ್ಲಿ ಕರ್ನಾಟಕವು ಗುಟ್ಕಾವನ್ನು ನಿಷೇಧಿಸಿತು. ಕೂಡಲೇ ಪಾನ್ ಮಸಾಲೆ ಒಂದು ಚೀಟಿನಲ್ಲಿ, ತಂಬಾಕು ಇನ್ನೊಂದರಲ್ಲಿ ಮಾರಾಟವಾಗತೊಡಗಿ, ಕೊಳ್ಳುವವನೇ ಎರಡನ್ನೂ ಬೆರೆಸಿಕೊಳ್ಳುವಂತಾಯಿತು. 2024ರಲ್ಲಿ ವಿಧಾನಮಂಡಲ ಅಂಗೀಕರಿಸಿ 2025ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ತಿದ್ದುಪಡಿಯು, ರಾಜ್ಯದಲ್ಲಿ ತಂಬಾಕು ಕೊಳ್ಳುವ ವಯಸ್ಸಿನ ಮಿತಿಯನ್ನು 21ಕ್ಕೆ ಏರಿಸಿ, ಹುಕ್ಕಾ ಬಾರುಗಳನ್ನು ನಿಷೇಧಿಸಿತು.

ನಿಷೇಧ ಒಂದು ಮುಖ. ಬಿಡಲು ನೆರವಾಗುವುದು ಇನ್ನೊಂದು ಮುಖ. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ದೇಶದಲ್ಲಿ 13 ತಂಬಾಕು ತ್ಯಾಗ ಚಿಕಿತ್ಸಾಲಯಗಳು ಆರಂಭವಾದಾಗ, ಬೆಂಗಳೂರಿನ ನಿಮ್ಹಾನ್ಸ್ ಮತ್ತು ಕಿದ್ವಾಯಿ ಸಂಸ್ಥೆಗಳೆರಡೂ ಅವುಗಳಲ್ಲಿ ಸೇರಿದ್ದವು. ರಾಷ್ಟ್ರೀಯ ತಂಬಾಕು ನಿಯಂತ್ರಣ ಕಾರ್ಯಕ್ರಮ 2007-08ರಲ್ಲಿ ಆರಂಭವಾಗಿ ಕ್ರಮೇಣ ಜಿಲ್ಲೆಗಳಿಗೆ ವ್ಯಾಪಿಸಿತು. 1800-11-2356 ಎಂಬ ಸಂಖ್ಯೆಗೆ ಹಣವಿಲ್ಲದೆ ದೂರವಾಣಿ ಮಾಡಿ ಸಲಹೆ ಪಡೆಯುವ ವ್ಯವಸ್ಥೆ 2016ರಲ್ಲಿ ದಿಲ್ಲಿಯಲ್ಲಿ ಆರಂಭವಾಯಿತು. 2018ರಲ್ಲಿ ನಿಮ್ಹಾನ್ಸ್ ಅದರ ದಕ್ಷಿಣದ ಕೇಂದ್ರವಾದುದರಿಂದ ಕನ್ನಡದಲ್ಲಿಯೇ ಮಾತನಾಡುವ ಅನುಕೂಲ ದೊರೆಯಿತು. ಆ ವರ್ಷದ ಸೆಪ್ಟೆಂಬರಿನಿಂದ ತಂಬಾಕಿನ ಪೊಟ್ಟಣಗಳ ಮೇಲೆಯೇ ಈ ಸಂಖ್ಯೆ ಮುದ್ರಿತವಾಗುತ್ತಿದೆ. ಆರೋಗ್ಯ ಇಲಾಖೆಯು ಜಿಲ್ಲೆಗಳಲ್ಲಿ ನಡೆಸಿದ ‘ಗುಲಾಬಿ ಆಂದೋಲನ’ದಲ್ಲಿ ಶಾಲೆಯ ಮಕ್ಕಳು ತಂಬಾಕು ಮಾರುವವರಿಗೂ ಸೇವಿಸುವವರಿಗೂ ಗುಲಾಬಿ ಹೂ ಕೊಟ್ಟು, ಬಿಡಿರೆಂದು ಕೇಳಿಕೊಂಡರು. ದಂಡದ ಬದಲು ಬೇಡಿಕೆ. ಮಹಾಂತ ಜೋಳಿಗೆಯ ಮಾರ್ಗವೇ ಬೇರೆ ರೂಪದಲ್ಲಿ ಇಲ್ಲಿ ಕಾಣುತ್ತದೆ.

ಇವೆಲ್ಲವುಗಳಿಂದ ಫಲವಿಲ್ಲದಿಲ್ಲ. ಕರ್ನಾಟಕದ ವಯಸ್ಕರಲ್ಲಿ ತಂಬಾಕು ಸೇವಿಸುವವರ ಪ್ರಮಾಣವು 2009-10ರ ಸಮೀಕ್ಷೆಯಲ್ಲಿ ಶೇಕಡಾ 28.2 ಇದ್ದುದು, 2016-17ರ ಸಮೀಕ್ಷೆಯಲ್ಲಿ ಶೇಕಡಾ 22.8ಕ್ಕೆ ಇಳಿಯಿತು. ಆದರೆ ಎರಡನೆಯ ಸಮೀಕ್ಷೆಯ ಒಳವಿವರ ಎಚ್ಚರಿಕೆಯದು. ಹೊಗೆ ಸೇದುವವರು ಶೇಕಡಾ 8.8, ಅಗಿಯುವುದೇ ಮೊದಲಾದ ಹೊಗೆಯಿಲ್ಲದ ರೂಪದಲ್ಲಿ ಸೇವಿಸುವವರು ಶೇಕಡಾ 16.3. ಧೂಮಪಾನದ ವಿರುದ್ಧವೇ ನಮ್ಮ ಮಾತೆಲ್ಲ ಮುಗಿದರೆ, ಸುಮಾರು ಎರಡು ಪಟ್ಟು ಜನರು ನಮ್ಮ ಕಣ್ಣಿನಿಂದ ಮರೆಯಾಗಿಯೇ ಉಳಿಯುತ್ತಾರೆ.

ಬೆಳೆಯುವವರ ಪ್ರಶ್ನೆ

ಇಲ್ಲಿ ಒಂದು ನ್ಯಾಯದ ಮಾತನ್ನು ಆಡದೆ ಮುಂದುವರಿಯಲಾಗದು. 1980ರ ಜುಲೈಯಲ್ಲಿ ನರಗುಂದ, ನವಲಗುಂದಗಳ ರೈತರು ಅಭಿವೃದ್ಧಿ ಕರದ ವಿರುದ್ಧ ಎದ್ದು ಗೋಲಿಬಾರಿಗೆ ಎದೆಗೊಟ್ಟುದನ್ನು ಈ ಸೀಮೆ ಮರೆತಿಲ್ಲ. ಮರುವರ್ಷ, 1981ರಲ್ಲಿ, ನಿಪ್ಪಾಣಿಯ ತಂಬಾಕು ಬೆಳೆಗಾರರು ನ್ಯಾಯವಾದ ಬೆಲೆಗಾಗಿ ಹೆದ್ದಾರಿಯಲ್ಲಿ ಕುಳಿತಾಗ ಅಲ್ಲಿಯೂ ಗುಂಡು ಹಾರಿ ರೈತರು ಬಲಿಯಾದರು. ತಂಬಾಕು ಕೆಟ್ಟದ್ದೆಂದು ಅದನ್ನು ಬೆಳೆಯುವ ಒಕ್ಕಲಿಗನನ್ನಾಗಲಿ, ಬೀಡಿ ಸುತ್ತಿ ಹೊಟ್ಟೆ ಹೊರೆಯುವ ತಾಯಿಯನ್ನಾಗಲಿ ದ್ವೇಷಿಸುವುದು ಸಲ್ಲದು. ಅವರಿಗೆ ಬೇರೆ ಬೆಳೆಯನ್ನೂ ಬೇರೆ ಕಾಯಕವನ್ನೂ ಒದಗಿಸುವ ಹೊಣೆ ಸಮಾಜದ್ದು, ಸರ್ಕಾರದ್ದು. ತಂಬಾಕಿನ ತೆರಿಗೆಯಿಂದ ಬೊಕ್ಕಸ ತುಂಬಿಸಿಕೊಳ್ಳುವ ಸರ್ಕಾರಕ್ಕೆ ಈ ಋಣ ಇನ್ನೂ ಹೆಚ್ಚಿನದು.

ಪ್ರಮಾಣದ ಮರುದಿನ

ಇಷ್ಟು ಇತಿಹಾಸವನ್ನು ಅವಲೋಕಿಸಿದ ಮೇಲೆ ಒಂದು ಮಾತು ಸ್ಪಷ್ಟವಾಗುತ್ತದೆ. ಬಿಡುವೆನೆಂದು ಪ್ರಮಾಣ ಮಾಡುವುದು ಒಂದು ಕ್ಷಣದ ಕಾರ್ಯ; ಬಿಟ್ಟು ಬಾಳುವುದು ತಿಂಗಳುಗಳ ಕಾರ್ಯ. ಬಿಟ್ಟ ಮೊದಲ ಎರಡು ಮೂರು ದಿನಗಳಲ್ಲಿ ಚಡಪಡಿಕೆ, ಸಿಡುಕು, ನಿದ್ದೆಗೇಡು ಅತ್ಯಂತ ಹೆಚ್ಚಾಗಿರುತ್ತವೆ; ಎರಡರಿಂದ ನಾಲ್ಕು ವಾರಗಳಲ್ಲಿ ಕ್ರಮೇಣ ಇಳಿಯುತ್ತವೆ. ಆ ದಿನಗಳನ್ನು ದಾಟಿದವನಿಗೆ ಲಾಭವು ನಿಶ್ಚಿತ. ಸೇದುವುದನ್ನು ಬಿಟ್ಟವನ ಹೃದ್ರೋಗದ ಅಪಾಯವು ಒಂದು ವರ್ಷದಲ್ಲಿ ಸೇದುವವನ ಅಪಾಯದ ಅರ್ಧಕ್ಕೆ ಇಳಿಯುವುದೆಂದು ವೈದ್ಯಶಾಸ್ತ್ರ ಹೇಳುತ್ತದೆ. ಆದರೆ ಸಭೆ ಮುಗಿದು, ಪೆಂಡಾಲು ಬಿಚ್ಚಿ, ಭಾಷಣಕಾರರು ಊರಿಗೆ ಹೋದ ಮೇಲೆ ಬರುವ ಆ ಮೂರನೆಯ ದಿನ, ಬಿಟ್ಟವನ ಬಳಿಯಲ್ಲಿ ಯಾರಿದ್ದಾರೆ? ಇದೇ ಈಗಿನ ಮುಖ್ಯ ಪ್ರಶ್ನೆ.

ಇದಕ್ಕೆ ಉತ್ತರವೂ ನಮ್ಮ ನಾಡಿನಲ್ಲಿಯೇ ಇದೆ. ಧರ್ಮಸ್ಥಳದ ಪ್ರೇರಣೆಯಿಂದ 1990ರ ದಶಕದಿಂದ ರಾಜ್ಯದಲ್ಲೆಲ್ಲ ನಡೆಯುತ್ತ ಬಂದ ಮದ್ಯವರ್ಜನ ಶಿಬಿರಗಳಲ್ಲಿ, ಶಿಬಿರ ಮುಗಿದ ತರುವಾಯ ಬಿಟ್ಟವರೇ ಸೇರಿ ‘ನವಜೀವನ ಸಮಿತಿ’ಗಳನ್ನು ಕಟ್ಟಿಕೊಳ್ಳುವ ಪದ್ಧತಿಯಿದೆ. ಬಿಟ್ಟವನಿಗೆ ಬಿಟ್ಟವನೇ ಆಸರೆ. ತಂಬಾಕಿಗೂ ಈ ಮಾರ್ಗವೇ ಯೋಗ್ಯವಾದುದು. ಜೋಳಿಗೆ ಸಂಕಲ್ಪವನ್ನು ಕೊಡುತ್ತದೆ. ಚಿಕಿತ್ಸಾಲಯವೂ ದೂರವಾಣಿಯೂ ಉಪಾಯವನ್ನು ಕೊಡುತ್ತವೆ. ಇವೆರಡರ ನಡುವೆ ದಿನನಿತ್ಯ ಕೈಹಿಡಿದು ನಡೆಸುವ ಸಂಗ ಬೇಕು. ಸತ್ಸಂಗವೆಂಬ ಮಾತಿಗೆ ಇದಕ್ಕಿಂತ ಪ್ರತ್ಯಕ್ಷವಾದ ಅರ್ಥ ಯಾವುದಿದ್ದೀತು?

ಆದುದರಿಂದ ಸದ್ಭಕ್ತರಲ್ಲಿಯೂ, ಪ್ರಸಾದನಿಲಯಗಳಲ್ಲಿ ಓದಿ ಇಂದು ಶಿಕ್ಷಕರೂ ವೈದ್ಯರೂ ವ್ಯಾಪಾರಿಗಳೂ ಆಗಿ ಈ ಮೂರು ತಾಲ್ಲೂಕುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಂದು ವಿನಂತಿ. ಆಗಸ್ಟ್ 1ರಂದು ಪ್ರಮಾಣ ಮಾಡಿದವರನ್ನು ಆಗಸ್ಟ್ 4ರಂದು ಮನೆಗೆ ಹೋಗಿ ಮಾತನಾಡಿಸಿರಿ. ಒಂದು ವಾರದ ಮೇಲೆ, ಒಂದು ತಿಂಗಳ ಮೇಲೆ ಮತ್ತೆ ವಿಚಾರಿಸಿರಿ. ಜಾರಿದವನಿದ್ದರೆ ಹಂಗಿಸಬೇಡಿರಿ, ಹಲವು ಸಲ ಜಾರಿ ಕೊನೆಗೆ ಗೆದ್ದವರೇ ಬಹಳ. ಬಾಯಲ್ಲಿ ಬಿಳಿಯ ಅಥವಾ ಕೆಂಪು ಕಲೆ, ಎರಡು ಮೂರು ವಾರಕ್ಕೂ ಮಾಗದ ಹುಣ್ಣು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಎಲ್ಲಕ್ಕಿಂತ ಮೊದಲು, ನಿಮ್ಮ ಮನೆಯ ಮದುವೆ, ಸೀಮಂತ, ಜಾತ್ರೆಗಳ ಎಲೆಯಡಿಕೆಯ ತಟ್ಟೆಯಿಂದ ತಂಬಾಕನ್ನು ತೆಗೆದುಹಾಕಿರಿ. ತಂಬಾಕು ಮರ್ಯಾದೆಯ ವಸ್ತುವಾಗಿರುವವರೆಗೆ ಅದನ್ನು ಬಿಟ್ಟವನು ಒಬ್ಬಂಟಿಗನೇ. ಅದಕ್ಕೆ ಮರ್ಯಾದೆ ತಪ್ಪಿದ ದಿನ, ಬಿಡುವವನ ದಾರಿ ಅರ್ಧ ಸವೆದಂತೆ.

ಪೂಜ್ಯ ಮಹಾಂತ ಶಿವಯೋಗಿಗಳು ಬೇಡಿದ ಭಿಕ್ಷೆ ಒಂದು ಊರಿನದಲ್ಲ, ಒಂದು ದಿನದ್ದಲ್ಲ. ಜಂಗಮನು ಬಾಗಿಲಿಗೆ ಬಂದಾಗ ನೀಡುವುದು ಭಕ್ತನ ಧರ್ಮ; ನೀಡಿದವನ ಮಾತು ಉಳಿಯುವಂತೆ ನೋಡಿಕೊಳ್ಳುವುದು ಇಡೀ ಊರಿನ ಧರ್ಮ.